ಕಾರಿನ ಹಿಂದೆ ಒಬ್ಬರು ನಿಂತು ನೋಡಿ

ಬ್ರೇಕ್ ಒತ್ತಿದಾಗ ನಿಮ್ಮ ಕಾರಿನ ಹಿಂದಿನ ಕೆಂಪು ದೀಪ ಉರಿಯುತ್ತದೆಯೇ? ನೋಡಿಲ್ಲ ತಾನೇ? ನಮ್ಮ ಕಾರಿನದು ಉರಿಯುವುದಿಲ್ಲ ಎಂದು ನಮಗಂತೂ ಗೊತ್ತಿತ್ತು. ಹೊಟ್ಟೆ ಉರಿಯುವುದು ಅದಕ್ಕೇ.

ನಮ್ಮ ಯಜಮಾನರು, ಮೈದುನ ಇಬ್ಬರೂ ಗೋಡೆಗೆ ಬಣ್ಣ ಹೊಡೆಯುವವರು. ಹಳೇ ಕಾರಿನ ಡಿಕ್ಕಿಯಲ್ಲಿ ಬಣ್ಣದ ಡಬ್ಬ, ಬ್ರಷ್ ಅದ್ದಿಟ್ಟ ನೀರಿನ ಬಕೆಟ್ ಇಟ್ಟುಕೊಂಡು ಯಜಮಾನರು ಮುಂದೆ ಹೋದರೆ, ಮೈದುನ ಸ್ಕೂಟರಿನಲ್ಲಿ ಹಿಂದೆ ಹೋಗುತ್ತಿದ್ದ. ಬಕೆಟ್ ದಿನಾ ತುಳುಕುತ್ತಿತ್ತು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಪಕ್ಕದ ಮನೆಯಲ್ಲಿ ವೈರಿಂಗ್ ಕೆಲಸದ ಅಕ್ಕ ಇದ್ದಾರೆ. ಒಂದು ಬೆಳಿಗ್ಗೆ ಅವರು ಗೇಟಿನ ಹತ್ತಿರ ನಿಂತು, ಬ್ರೇಕ್ ಒತ್ತಿದರೆ ಹಿಂದೆ ಒಂದು ದೀಪವೂ ಉರಿಯುತ್ತಿಲ್ಲ, ಹತ್ತು ನಿಮಿಷದ ಕೆಲಸ, ಈಗಲೇ ನೋಡೋಣ ಎಂದರು. ನಮ್ಮ ಯಜಮಾನರಿಗೆ ಹೆಂಗಸರು ಕಾರಿನ ವಿಷಯ ಮಾತಾಡಿದರೆ ಆಗುವುದಿಲ್ಲ.

"ಬ್ರೇಕ್ ಹಿಡಿಯುತ್ತಲ್ಲಕ್ಕಾ, ಸಾಕು. ಹಿಂದಿನ ದೀಪ ಕಟ್ಕೊಂಡು ನನಗೇನಾಗ್ಬೇಕು?"

"ಅದು ನಿನಗಲ್ಲಪ್ಪ, ಹಿಂದೆ ಬರೋರಿಗೆ."

ಹಿಂದೆ ಬರುವವನು ನಾನೇ, ಅಣ್ಣ ಎಲ್ಲಿ ನಿಲ್ಲಿಸುತ್ತಾನೆ ಎಂದು ನನಗೆ ಗೊತ್ತಿಲ್ಲವೇ ಎಂದು ಮೈದುನ ನಕ್ಕ. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ನಾಲ್ಕನೇ ದಿನ ಮಧ್ಯಾಹ್ನ ಕಾರಿಗೆ ನಾಯಿ ಅಡ್ಡ ಬಂತು. ಯಜಮಾನರು ಬ್ರೇಕ್ ಒತ್ತಿದರು. ನಾಯಿ ಬದುಕಿತು. ಮೈದುನ ನೇರ ಬಂದು ಕಾರಿಗೆ ಗುದ್ದಿದ. ಅವನ ಬಲಭುಜದ ಮೂಳೆ ಪುಡಿಯಾಯಿತು. ಕಾರಿನ ದೀಪಗಳಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

ಆಮೇಲೆ ಯಜಮಾನರು ತಾವೇ ಹೋಗಿ ಅಕ್ಕನ ಬಾಗಿಲು ತಟ್ಟಿದರು. ಅಕ್ಕ ಮೊದಲು ಎಂಜಿನ್ ಆರಿಸಿ, ಕೀ ತೆಗೆಸಿದರು. ಒಂದೇ ಕಡೆಯ ದೀಪ ಹೋಗಿದ್ದರೆ ಮೊದಲು ಬಲ್ಬ್ ನೋಡಬೇಕು, ಎರಡೂ ಹೋಗಿದ್ದರೆ ಮೊದಲು ಫ್ಯೂಸ್ ನೋಡಬೇಕು ಎಂದರು. ನಮ್ಮದರಲ್ಲಿ ಫ್ಯೂಸ್ ಸುಟ್ಟಿತ್ತು. ಯಜಮಾನರು ಅಲ್ಲಿಗೆ ತಂತಿ ಸುತ್ತಲು ಹೊರಟರು.

"ತಂತಿ ಸುತ್ತಿದ್ರೆ ಕಾರೇ ಹತ್ಕೊಳ್ಳುತ್ತೆ. ಅದೇ ನಂಬರಿನ ಫ್ಯೂಸ್ ತಾ. ಮೊದಲು ಇದು ಯಾಕೆ ಸುಡ್ತು ನೋಡೋಣ."

ಬಲ್ಬ್ ಬಿಚ್ಚಿದರೆ ಅದು ಕೂರುವ ಹೋಲ್ಡರ್ ಒದ್ದೆಯಾಗಿ, ಹಸಿರು ಕಿಲುಬು ಹಿಡಿದಿತ್ತು. ನಮ್ಮ ಬಕೆಟ್ಟಿನ ನೀರು ಅಲ್ಲಿಗೆ ಇಳಿದಿತ್ತು. ಅಕ್ಕ ಅದನ್ನು ಒಣಗಿಸಿ, ಗೋಡೆ ಉಜ್ಜುವ ಉಪ್ಪು ಕಾಗದದಿಂದ ತಿಕ್ಕಿ, ಹೊಸ ಫ್ಯೂಸ್ ಹಾಕಿದರು. ಅದೂ ಸುಟ್ಟರೆ ಮನೆಯಲ್ಲಿ ಕೈ ಹಾಕದೆ ಗ್ಯಾರೇಜಿಗೆ ಒಯ್ಯಬೇಕು ಎಂದರು. ದೀಪ ಉರಿಯಿತು. ಉಪ್ಪು ಕಾಗದ ನಮ್ಮ ಮನೆಯಲ್ಲಿ ಕಂತೆಗಟ್ಟಲೆ ಬಿದ್ದಿದೆ. ಬೆರಳಗಲದ ಚೂರು ಸಾಕಾಯಿತು.

ಮೈದುನನ ಕೈ ಈಗ ಭುಜದಿಂದ ಮೇಲೆ ಏಳುವುದಿಲ್ಲ. ಅವನು ಇನ್ನು ಗೋಡೆಗೆ ಬಣ್ಣ ಹೊಡೆಯಲಾರ. ದಿನಾ ಬೆಳಿಗ್ಗೆ ಕಾರಿನ ಹಿಂದೆ ನಿಲ್ಲುತ್ತಾನೆ. ಯಜಮಾನರು ಬ್ರೇಕ್ ಒತ್ತುತ್ತಾರೆ.

"ಎರಡೂ ಉರೀತಿವೆ, ಅಣ್ಣ," ಎಂದು ಹೇಳಿ ಒಳಗೆ ಹೋಗುತ್ತಾನೆ. ಈಗ ಅವನಿಗಿರುವ ಕೆಲಸ ಅದೊಂದೇ.

ಇವತ್ತೇ ನಿಮ್ಮ ಕಾರಿನ ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ಒತ್ತಿ ನೋಡಿ. ಯಾರೂ ಇಲ್ಲದಿದ್ದರೆ ಕಾರಿನ ಹಿಂಭಾಗವನ್ನು ಗೋಡೆಯ ಹತ್ತಿರ ನಿಲ್ಲಿಸಿ ಒತ್ತಿ. ಗೋಡೆಯ ಮೇಲೆ ಎರಡೂ ಕಡೆ ಕೆಂಪು ಬೆಳಕು ಬೀಳಬೇಕು. ಬೀಳದಿದ್ದರೆ ಕಾರು ಹೊರಗೆ ತೆಗೆಯಬೇಡಿ. ನಮಗೆ ಅಕ್ಕ ಹೇಳಿದ್ದರು. ನಿಮಗೆ ನಾನು ಹೇಳಿದ್ದೇನೆ.