ಕಾಲು ಸುತ್ತು ಹಿಂದೆ

ಗ್ಯಾರೇಜಿನ ಮೇಸ್ತ್ರಿಯ ಶವವನ್ನು ವ್ಯಾನಿಗೆ ಏರಿಸುತ್ತಿದ್ದಾಗಲೇ ಮಗಳು ಮುಂದೆ ಹೋಗಿ ಬಾನೆಟ್ಟು ಎತ್ತಿ, ಒಳಗೆ ಕೈ ಹಾಕಿದಳು.

"ಅಪ್ಪನ್ನ ಕಳಿಸೋ ಹೊತ್ತಲ್ಲೂ ಗ್ರೀಸು ಮೆತ್ಕೋಬೇಕೇನೇ?" ಸೋದರತ್ತೆ ಗದರಿದಳು.

"ಒಂದ್ನಿಮಿಷ ಬಿಡಿ ಅತ್ತೆ."

ಎಂಜಿನ್ನನ್ನು ಹೊತ್ತ ಬ್ರಾಕೆಟ್ಟಿನ ಮೂರು ಬೋಲ್ಟುಗಳಲ್ಲಿ ಒಂದು ಬೆರಳಿಗೇ ಅಲುಗಿತು.

ವ್ಯಾನಿನ ಹಿಂಬದಿಯಲ್ಲಿ ಗ್ಯಾರೇಜಿನ ಲೇತಿನವನು ಹೇಳುತ್ತಿದ್ದ: "ಕೈ ಅಂದ್ರೆ ಮೇಸ್ತ್ರಿ ಕೈ. ಅಂಟು ಹಚ್ಚಿ ಬೋಲ್ಟು ಕೂರಿಸಿದವನ ಕಪಾಳಕ್ಕೆ ಬಾರಿಸ್ತಿದ್ರು."

"ನಂಗೇ ಬಿದ್ದಿದೆ ಎರಡು," ಎಂದು ಪೇಂಟರ್ ಕೆನ್ನೆ ಸವರಿಕೊಂಡ.

ನಾಳೆ ಈ ವ್ಯಾನು ಹನ್ನೆರಡು ಜನರನ್ನು ಹೊತ್ತು ಘಟ್ಟ ಏರಬೇಕು. ಹೇಳಿದರೆ ಇವರೆದುರು ಅಪ್ಪನ ಮಾನ ಹೋಗುತ್ತದೆ, ಹೇಳದಿದ್ದರೆ... ಅವಳು ಬಾನೆಟ್ಟು ಮುಚ್ಚಿದಳು. ಮತ್ತೆ ತೆರೆದಳು. ಮತ್ತೆ ಮುಚ್ಚಿದಳು.

*

ಕಳೆದ ಗುರುವಾರ, ಕಳಚಿ ಕಟ್ಟಿದ ವ್ಯಾನಿನ ಎಂಜಿನ್ನನ್ನು ಕೂರಿಸುವಾಗ ಅಪ್ಪನ ನಡುಗುವ ಕೈ ತುಸು ಹೆಚ್ಚೇ ಬಿಗಿದಿತ್ತು. ತೂತಿನೊಳಗಿನ ಸುರುಳಿ ಗೀರು, ಥ್ರೆಡ್ಡು, ಕಿತ್ತು, ಹೊಳೆಯುವ ಎಳೆಯಾಗಿ ಬೋಲ್ಟಿಗೆ ಸುತ್ತಿಕೊಂಡು ಹೊರಬಂತು. ತೂತನ್ನು ದೊಡ್ಡದಾಗಿ ಕೊರೆದು, ಟ್ಯಾಪೆಂಬ ಹಲ್ಲಿನ ಸಲಾಕೆ ತಿರುಗಿಸಿ ಹೊಸ ಥ್ರೆಡ್ಡು ಕೊಯ್ದು, ಉಕ್ಕಿನ ಸುರುಳಿ ಕೂರಿಸಬೇಕಿತ್ತು. ಅಪ್ಪ ಅಂಟಿನ ಟ್ಯೂಬು ಹಿಂಡಿದ್ದರು.

"ಅಪ್ಪಾ!"

"ಕೈ ನಿಲ್ತಿಲ್ಲ ಕಣೇ. ಭಾನುವಾರ ಸರಿ ಮಾಡ್ತೀನಿ. ಯಾರ ಹತ್ರಾನೂ ಬಾಯಿ ಬಿಡ್ಬೇಡ."

"ನಾನು ಮಾಡ್ಲಾ?"

"ನಿಂಗೆಲ್ಲಿದೆ ಆ ತಾಳ್ಮೆ? ಟ್ಯಾಪು ಅರ್ಧ ಸುತ್ತು ಮುಂದೆ ಹೋದ್ರೆ ಕಾಲು ಸುತ್ತು ಹಿಂದೆ ಬರ್ಬೇಕು. ಇಲ್ಲಾಂದ್ರೆ ಒಳಗೇ ಮುರಿಯುತ್ತೆ. ನೀನು ಬರೀ ಮುಂದಕ್ಕೆ ನುಗ್ಗೋಳು."

ಇಂದು ಭಾನುವಾರ.

*

ವ್ಯಾನು ಸ್ಮಶಾನದವರೆಗೂ ತೆವಳಿತು. "ಈ ಡ್ರೈವರೇನು ಎತ್ತಿನ ಗಾಡಿ ಹೊಡೀತಿದಾನಾ?" ಎಂದು ಅತ್ತೆ ಸಿಡುಕುತ್ತಲೇ ಇದ್ದಳು.

ಮಣ್ಣು ಮುಚ್ಚಿದ ಮೇಲೆ ಮಗಳು ಎಲ್ಲರೆದುರೇ ಡ್ರೈವರನ ಮುಂದೆ ನಿಂತಳು. "ಅಣ್ಣಾ, ನಾಳೆ ಗಾಡಿ ತೆಗೀಬೇಡಿ. ಒಂದು ಬೋಲ್ಟು ಅಂಟಿನ ಮೇಲೆ ನಿಂತಿದೆ. ಅಪ್ಪಾನೇ ಹಚ್ಚಿದ್ದು."

ಲೇತಿನವನು ನೆಲ ನೋಡಿದ. ಪೇಂಟರನ ಕೈ ಕೆನ್ನೆಗೆ ಹೋಯಿತು.

"ಗೊತ್ತಮ್ಮ," ಎಂದ ಡ್ರೈವರು. "ಶುಕ್ರವಾರಾನೇ ಮೇಸ್ತ್ರಿ ಹೇಳಿದ್ರು, ಭಾನುವಾರದ ತನಕ ಮೆಲ್ಲಗೆ ಓಡಿಸು ಅಂತ. ಅವರೇ ನನ್ನ ಹತ್ರ ಬಾಯಿ ಬಿಟ್ಟಿದ್ದು ನಿಮಗೆ ತಿಳೀಬಾರ್ದು ಅಂದ್ರು."

ಗ್ಯಾರೇಜಿಗೆ ಮರಳಿದಾಗ ಸಂಜೆಯ ಬೆಳಕು ಇನ್ನೂ ಶೆಡ್ಡಿನೊಳಗಿತ್ತು. ಪೇಂಟರ್ ಬಾನೆಟ್ಟಿನೊಳಗೆ ದೀಪ ಹಿಡಿದ. ಲೇತಿನವನು ತಾನೇ ಮಾಡುತ್ತೇನೆಂದು ಚಾಚಿದ ಕೈಯನ್ನು ಹಿಂದೆಗೆದುಕೊಂಡ. ಅವಳು ಕೊರೆದ ತೂತಿಗೆ ಟ್ಯಾಪು ನೆಟ್ಟಳು. ಅರ್ಧ ಸುತ್ತು ತಿರುಗಿಸಿದಳು. ಕೈ ಮುಂದಕ್ಕೇ ಎಳೆಯಿತು, ತಡೆದಳು.

ಕಾಲು ಸುತ್ತು ಹಿಂದೆ. ಅಲ್ಯುಮಿನಿಯಂ ಪುಡಿ ಅವಳ ಮಣ್ಣಾದ ಸೆರಗಿನ ಮೇಲೆ ಉದುರಿತು.