ಎರಡನೆಯ ಟ್ಯಾಂಕಿನ ಡೀಸೆಲ್

ಕ್ಲಾರಾ ಪಾಯ್ಸ್ ಯಾರ ಮನೆಯ ಪಾತ್ರೆಯನ್ನೂ ಖಾಲಿ ಹಿಂದಿರುಗಿಸಿದವಳಲ್ಲ. ದುಬೈಯ ಅಲ್ ಕುಸೈಸಿನ ಆ ಹಳೆಯ ಕಟ್ಟಡದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಕೆಳಗಿನ ಮಾಳಿಗೆಯ ಬೀಫಾತಿಮ ಒಂದು ಡಬ್ಬಿ ಅಕ್ಕಿ-ಬೆಲ್ಲದ ಕಲ್ತಪ್ಪ ಕಳಿಸಿದರೆ, ಮರುದಿನ ಅದೇ ಡಬ್ಬಿ ಮೆತ್ತನೆಯ ಸನ್ನಾ ಇಡ್ಲಿ ತುಂಬಿಕೊಂಡು ಮೆಟ್ಟಿಲಿಳಿಯುತ್ತಿತ್ತು. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುವಳು. “ನಿನಗೆ ಯಾರಾದ್ರೂ ನಮಸ್ಕಾರ ಹೇಳಿದ್ರೂ ಸಾಕು, ಎರಡು ಸೇರಿಸಿ ವಾಪಸ್ ಕೊಡ್ತಿ” ಎಂದು ಗಂಡ ಗೇಬ್ರಿಯಲ್ ತಮಾಷೆ ಮಾಡುತ್ತಿದ್ದ.

ಕೊಟ್ಟವರಿಗೆ ತಿರುಗಿ ಕೊಡುವುದು ಒಳ್ಳೆಯದೇ, ಯಾರು ಬೇಡವೆಂದರು? ಆದರೆ ಎಲ್ಲದಕ್ಕೂ ಒಂದು ಹೊತ್ತುಗೊತ್ತು ಬೇಡವೇ? ಕ್ಲಾರಾಳಿಗೆ ಅದೊಂದು ಗೊತ್ತಿರಲಿಲ್ಲ. ಬೀಫಾತಿಮಳ ಗಂಡ ಹಂಝನ ಲಾರಿಗೆ ಕೇಡು ಬಂದದ್ದು ಅದರಿಂದಲೇ.

ಆ ಲಾರಿಯ ಕಥೆ ಹೀಗೆ. ಹಂಝ ತನ್ನ ಪ್ರಾಯವನ್ನೆಲ್ಲ ಒಬ್ಬ ಅರ್ಬಾಬನ ಗ್ಯಾರೇಜಿನಲ್ಲಿ ಸವೆಸಿದ ಮೆಕ್ಯಾನಿಕ್. ಅರ್ಬಾಬನೆಂದರೆ ಈ ಊರಿನವನೇ ಆದ ಯಜಮಾನ. ಅವನಿಗೆ ಹಳೆಯ ಗಾಡಿಗಳ ಹುಚ್ಚು. ಸೇನೆಯವರು ಹರಾಜಿಗೆ ಹಾಕಿದ ಒಂದು ಲಾರಿಯನ್ನು ಕೊಂಡು ತಂದಿದ್ದ. ಮರಳಿನ ಬಣ್ಣ, ಎದೆಮಟ್ಟದ ಚಕ್ರಗಳು, ಹೊಟ್ಟೆಯ ಎರಡೂ ಬದಿಗೆ ಒಂದೊಂದು ಡೀಸೆಲ್ ಟ್ಯಾಂಕು. ಅದರ ಇಂಜಿನನ್ನು ಬಿಚ್ಚಿ ಕಟ್ಟಿ ಜೀವ ಬರಿಸಿದವನು ಹಂಝ. ಅರ್ಬಾಬ ಸಾಯುವ ಮೊದಲು ಮಗನನ್ನು ಕರೆದು, “ಲಾರಿ ಹಂಝನಿಗೆ. ಅವನು ಅದನ್ನು ದುಡಿಸಬಾರದು, ಓಡಿಸುತ್ತಾ ಇರಬೇಕು” ಎಂದನಂತೆ. ಮಗ ತಂದೆಯ ಮಾತು ಉಳಿಸಿದ. ಕಾಗದಪತ್ರವನ್ನೆಲ್ಲ ಹಂಝನ ಹೆಸರಿಗೆ ಮಾಡಿಸಿಕೊಟ್ಟ. ಚಳಿಗಾಲದ ಶುಕ್ರವಾರಗಳಲ್ಲಿ ಆ ಸಣ್ಣ ಅರ್ಬಾಬ ತನ್ನ ಮಕ್ಕಳನ್ನು ಕರೆತಂದು ಅಜ್ಜನ ಲಾರಿಯಲ್ಲಿ ಕೂರಿಸುತ್ತಿದ್ದ, ಹಂಝ ಅವರನ್ನು ಮರುಭೂಮಿಗೆ ಒಯ್ದು ತರುತ್ತಿದ್ದ.

ಬಾಡಿಗೆಗೆ ಓಡುವ ಲಾರಿಗಳಿಗೆ ಇಂಧನ ತೆರಿಗೆಯ ಪರ್ಮಿಟ್ ಬೇಕು, ಅದಕ್ಕೆ ವ್ಯಾಪಾರದ ಲೈಸೆನ್ಸ್ ಬೇಕು. ಹಂಝನಂಥವನು ಎಲ್ಲಿಂದ ತರಬೇಕು ಅದನ್ನೆಲ್ಲ? ಆದರೆ ಸೇನೆಯಿಂದ ಹೊರಬಿದ್ದ ಹಳೆಯ ಗಾಡಿಯನ್ನು ಹವ್ಯಾಸಕ್ಕೆಂದು ಇಟ್ಟುಕೊಂಡವರಿಗೆ ವಿನಾಯಿತಿಯಿತ್ತು. ಷರತ್ತು ಎರಡೇ: ಬಾಡಿಗೆಗೆ ಓಡಬಾರದು, ಡೀಸೆಲ್ ಗಾಡಿಯ ಯಜಮಾನನ ಸ್ವಂತ ದುಡ್ಡಿನದ್ದಾಗಿರಬೇಕು. ಹಂಝ ಈ ಎರಡನ್ನೂ ನಮಾಜಿನಷ್ಟೇ ಶ್ರದ್ಧೆಯಿಂದ ನಡೆಸಿಕೊಂಡು ಬಂದಿದ್ದ.

ಆಮೇಲೆ ಬಂತು ನೋಡಿ, ಆ ಏಪ್ರಿಲ್ ಮಳೆ. ದುಬೈಯ ಮೇಲೆ ಆಕಾಶವೇ ಹರಿದು ಬಿದ್ದಂತಾಗಿ, ಕುಸೈಸಿನ ಬೀದಿಗಳಲ್ಲಿ ಕಾರುಗಳು ತೇಲಿದವು. ಕ್ಲಾರಾಳ ಅತ್ತೆ ಅಗಾತಾಬಾಯಿಗೆ ಡಯಾಲಿಸಿಸ್ ತಪ್ಪಿಹೋಗಿತ್ತು. ಮುಖ ಬಾತು, ಉಸಿರು ಎಳೆಯತೊಡಗಿತು. ಆಂಬುಲೆನ್ಸಿನವರು ಬರುತ್ತೇವೆ ಎನ್ನುತ್ತಿದ್ದರು, ಆದರೆ ಆ ನೀರಿನಲ್ಲಿ ಹೇಗೆ ಬಂದಾರು ಪಾಪ? ಕ್ಲಾರಾ ಮೆಟ್ಟಿಲಲ್ಲಿ ನಿಂತು ಅಳುತ್ತಿದ್ದಾಗ ಕೆಳಗಿನಿಂದ ಹಂಝನ ದನಿ ಬಂತು.

“ಕ್ಲಾರಬಾಯಿ, ಅಳುದೆಂತಕ್ಕೆ? ನಮ್ಮ ಲಾರಿ ಇಲ್ವಾ? ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಎತ್ತುವ.”

ನಾಲ್ಕು ಜನ ಸೇರಿ ಅಗಾತಾಬಾಯಿಯನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಲಾರಿಗೆ ಏರಿಸಿದರು. ಲಾರಿ ನೀರನ್ನು ಸೀಳಿಕೊಂಡು ಮೆಲ್ಲನೆ, ಆದರೆ ಎಲ್ಲಿಯೂ ನಿಲ್ಲದೆ ಆಸ್ಪತ್ರೆ ಮುಟ್ಟಿತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಹಂಝ ಅಲ್ಲಿ ಒಂದು ಲೋಟ ಚಾ ಕೂಡ ಕುಡಿಯಲಿಲ್ಲ.

ಚಾ ಕುಡಿದಿದ್ದರೆ ಎಷ್ಟು ಒಳ್ಳೆಯದಿತ್ತು! ಕ್ಲಾರಾಳ ಮನಸ್ಸು ಅಷ್ಟಕ್ಕೇ ಸಮಾಧಾನವಾಗುತ್ತಿತ್ತೋ ಏನೋ. ಅತ್ತೆಯನ್ನು ವಾರ್ಡಿಗೆ ಸೇರಿಸಿ ಹಿಂದೆ ಬರುವಾಗ ಎತ್ತರದ ಜಾಗದಲ್ಲಿ ಒಂದು ಪೆಟ್ರೋಲ್ ಬಂಕ್ ತೆರೆದಿತ್ತು. ಹಂಝ ಲಾರಿ ನಿಲ್ಲಿಸಿ ಸಂಜೆಯ ಅಸರ್ ನಮಾಜಿಗೆ ಬಂಕಿನ ಪ್ರಾರ್ಥನೆಯ ಕೋಣೆಯೊಳಗೆ ಹೋದ. ಕ್ಲಾರಾ ಚಕ್ಕನೆ ಕೆಳಗಿಳಿದು, ಎರಡನೆಯ ಟ್ಯಾಂಕನ್ನು ತುಂಬಿಸಲು ಬಂಕಿನ ಹುಡುಗನಿಗೆ ಹೇಳಿದಳು. ಒಬ್ಬರ ಗಾಡಿಯಲ್ಲಿ ಹೋಗಿ ಖಾಲಿ ಟ್ಯಾಂಕಿನಲ್ಲಿ ಕಳಿಸುವುದು ಅವಳಿಂದಾಗುವ ಕೆಲಸವಲ್ಲ. ಆದರೆ ಕೈಯಲ್ಲಿ ನಗದಿಲ್ಲ, ಬ್ಯಾಂಕ್ ಕಾರ್ಡನ್ನು ಎಷ್ಟು ಉಜ್ಜಿದರೂ ಮೆಷಿನ್ ಒಪ್ಪಲಿಲ್ಲ. ಕಾರ್ಗೊ ಕಂಪೆನಿಯೊಂದರಲ್ಲಿ ಲೆಕ್ಕ ನೋಡುತ್ತಿದ್ದ ಅವಳ ಚೀಲದಲ್ಲಿ ಡ್ರೈವರುಗಳ ಡೀಸೆಲ್ ಕಾರ್ಡಿತ್ತು. ನಾಳೆ ಆಫೀಸಿಗೆ ಹಣ ಕಟ್ಟಿದರಾಯಿತು ಎಂದುಕೊಂಡು ಅದನ್ನೇ ಉಜ್ಜಿದಳು. ಹುಡುಗ ಲಾರಿಯ ನಂಬರನ್ನು ಬಿಲ್ಲಿನಲ್ಲಿ ಹೊಡೆದ.

ಹೊರಗೆ ಬಂದ ಹಂಝ ಇದನ್ನು ನೋಡಿ ನಿಂತೇಬಿಟ್ಟ. “ಎಂತ ಮಾಡಿದ್ದು ಬಾಯಿ ನೀವು?”

“ಖಾಲಿ ಕಳಿಸ್ಲಿಕ್ಕೆ ಆಗ್ತದಾ ಹಂಝಾಕ? ನನ್ನ ಅತ್ತೆಯ ಜೀವ ಉಳಿಸಿದ್ದೀರಿ.”

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಅತ್ತು ಊದಿದ ಕಣ್ಣುಗಳನ್ನು ನೋಡಿ ಸುಮ್ಮನಾದ. “ಆಯ್ತು, ನಿಮ್ಮ ಹತ್ರ ಮಾತಾಡಿ ಪ್ರಯೋಜನ ಇಲ್ಲ” ಎಂದು ನಕ್ಕು ಲಾರಿ ಏರಿದ.

ಕ್ಲಾರಾ ಮರುದಿನವೇ ಆಫೀಸಿನ ಪೆಟ್ಟಿಗೆಗೆ ಆ ಹಣ ಹಾಕಿದಳು, ಯಾರಿಗೂ ಹೇಳಲಿಲ್ಲ. ತಿಂಗಳ ಲೆಕ್ಕ ಮುಗಿಸಬೇಕಾದರೆ ಕಂಪ್ಯೂಟರ್ ಪ್ರತಿಯೊಂದು ಡೀಸೆಲಿಗೂ ಕಾರಣ ಕೇಳುತ್ತದೆ. ಅವಳು ‘ಸಾಗಾಣಿಕೆ’ ಎಂದು ಒತ್ತಿದಳು. ಉಳಿದೆಲ್ಲ ಬಿಲ್ಲುಗಳ ಜೊತೆ ಅದರ ತೆರಿಗೆಯೂ ಕಂಪೆನಿಗೆ ವಾಪಸ್ ಬಂತು. ಅಲ್ಲಿಗೆ ಅವಳು ಅದನ್ನು ಮರೆತಳು.

ಮರುವರ್ಷ ಒಂದು ಶುಕ್ರವಾರ ಜುಮಾ ನಮಾಜು ಮುಗಿಸಿ ಹಂಝ ಒಂದು ಕಾಗದ ಹಿಡಿದು ಮೇಲೆ ಬಂದ. ಕಟ್ಟಡದಲ್ಲಿ ಯಾರಿಗೆ ಇಂಥ ಕಾಗದ ಬಂದರೂ ಓದಿ ಹೇಳುವವಳು ಕ್ಲಾರಾ.

“ವಿನಾಯಿತಿಯ ಕಾಗದ ರಿನ್ಯೂ ಮಾಡ್ಲಿಕ್ಕೆ ಹಾಕಿದ್ದೆ. ಇದು ಬಂದಿದೆ. ಎಂತ ಬರ್ದದ್ದು ನೋಡಿ.”

ಕ್ಲಾರಾ ಓದಿದಳು. ಈ ಲಾರಿಗೆ ಒಂದು ಕಾರ್ಗೊ ಕಂಪೆನಿ ಡೀಸೆಲ್ ತುಂಬಿಸಿದೆ, ಅದನ್ನು ಸಾಗಾಣಿಕೆಯ ಖರ್ಚೆಂದು ತೋರಿಸಿ ತೆರಿಗೆ ಹಿಂದಕ್ಕೆ ಪಡೆದಿದೆ, ಆದ್ದರಿಂದ ಲಾರಿ ಬಾಡಿಗೆಗೆ ಓಡಿದೆ ಎಂದಾಯಿತು. ಬರುವ ಗುರುವಾರ ಲಾರಿಯ ಯಜಮಾನ ಪರ್ಮಿಟ್ ಆಫೀಸಿಗೆ ಬಂದು ಉತ್ತರ ಕೊಡಬೇಕು. ಉತ್ತರ ಸರಿಯಿಲ್ಲದಿದ್ದರೆ ವಿನಾಯಿತಿ ರದ್ದು, ಲಾರಿ ಸರಕಾರಿ ಯಾರ್ಡಿಗೆ. ಕೆಳಗೆ ಅವಳದೇ ಕಂಪೆನಿಯ ಹೆಸರಿತ್ತು.

“ನೀವು... ಬಾಡಿಗೆಗೆ ಓಡಿಸಿದ್ದೀರಿ ಅಂತ ಬರ್ದಿದ್ದಾರೆ.”

“ನಾನಾ?” ಹಂಝ ಕುರ್ಚಿಯಿಂದ ಅರ್ಧ ಎದ್ದ. “ಯಾ ಅಲ್ಲಾಹ್! ಲಾರಿ ಹೋದ್ರೆ ಹೋಗ್ಲಿ ಬಾಯಿ, ಸಣ್ಣ ಅರ್ಬಾಬ್ ಎಂತ ಗ್ರಹಿಸಿಯಾರು? ಅವರ ತಂದೆಗೆ ನಾನು ಮಾತು ಕೊಟ್ಟದ್ದು.”

‘ಅದು ನಾನು ಉಜ್ಜಿದ ಕಾರ್ಡು, ಹಂಝಾಕ’ ಎಂಬ ಮಾತು ಕ್ಲಾರಾಳ ನಾಲಿಗೆಯ ತುದಿಗೆ ಬಂತು. ಆದರೆ “ಕಂಪ್ಯೂಟರಿನ ಎಡವಟ್ಟು ಇರ್ಬೇಕು. ನಾನು ನೋಡ್ತೇನೆ” ಎಂದಳು. ಅವನು ನಂಬಿ ಇಳಿದುಹೋದ. ಅವನು ನಂಬಿದ್ದೇ ಅವಳನ್ನು ಹೆಚ್ಚು ಚುಚ್ಚಿತು.

ಗೇಬ್ರಿಯಲ್‌ಗೆ ಹೇಳಿದಾಗ ಅವನು ತಲೆಗೆ ಕೈ ಹಚ್ಚಿ ಕುಳಿತ. ಹೋಟೆಲಿನ ಕೆಲಸ ಹೋದ ಮೇಲೆ ಅವನೂ, ಅವನ ತಾಯಿ ಅಗಾತಾಬಾಯಿಯೂ ಇದ್ದದ್ದು ಕ್ಲಾರಾಳ ವೀಸಾದ ಮೇಲೆ. ಮುದುಕಿಯ ಡಯಾಲಿಸಿಸ್ ನಡೆಯುತ್ತಿದ್ದದ್ದೂ ಅವಳ ಕಂಪೆನಿಯ ಇನ್ಶೂರೆನ್ಸಿನಲ್ಲಿ. ಮೊನ್ನೆಯಷ್ಟೇ ಮುದೀರ್, ಅಂದರೆ ಕಂಪೆನಿಯ ಮ್ಯಾನೇಜರ್, ಸ್ವಂತ ಕಾರಿಗೆ ಆಫೀಸಿನ ಕಾರ್ಡ್ ಬಳಸಿದ ಡ್ರೈವರನನ್ನು ಕೆಲಸದಿಂದ ತೆಗೆದು ಊರಿಗೆ ವಿಮಾನ ಹತ್ತಿಸಿದ್ದ.

“ನಾನು ಹಣ ಕಟ್ಟಿದ್ದೇನೆ” ಎಂದಳು ಕ್ಲಾರಾ.

“ಕಟ್ಟಿದ್ದು ಯಾರಿಗೆ ಗೊತ್ತುಂಟು? ಸುಳ್ಳು ಲೆಕ್ಕ ಬರ್ದು ಸರ್ಕಾರದ ತೆರಿಗೆ ವಾಪಸ್ ತಗೊಂಡದ್ದು ಮಾತ್ರ ಎದ್ದು ಕಾಣ್ತದೆ. ನೀನು ಬಾಯಿ ಬಿಟ್ರೆ ಖಲಾಸ್. ಅಮ್ಮನನ್ನು ಎಲ್ಲಿಗೆ ಕೊಂಡೋಗುದು, ಹೇಳು.”

“ಮತ್ತೆ ಅವರ ಲಾರಿ?”

“ಲಾರಿ ಕಬ್ಬಿಣ ಮಾರಾಯ್ತಿ! ಅಮ್ಮ ಮನುಷ್ಯ.”

ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅದೇ ಸಂಕಟ. ಅವಳು ಆಫೀಸಿಗೆ ಹೋದಳು, ಬಂದಳು, ಅನ್ನ ಬೇಯಿಸಿದಳು, ಅತ್ತೆಯ ಕಾಲಿಗೆ ಎಣ್ಣೆ ಹಚ್ಚಿದಳು. ಹಂಝ ಮೆಟ್ಟಿಲಲ್ಲಿ ಸಿಕ್ಕಿದಾಗಲೆಲ್ಲ “ಎಂತಾದ್ರೂ ಗೊತ್ತಾಯ್ತಾ ಬಾಯಿ?” ಎನ್ನುತ್ತಿದ್ದ. ಅವಳು ನೋಡುತ್ತಾ ಇದ್ದೇನೆ ಎನ್ನುತ್ತಿದ್ದಳು. ಬೀಫಾತಿಮ, ತಮ್ಮಿಂದ ಕ್ಲಾರಬಾಯಿಗೆ ಎಷ್ಟು ತೊಂದರೆ ಎಂದು ಒಂದು ಸ್ಟೀಲ್ ಡಬ್ಬಿ ತುಂಬ ಕಲ್ತಪ್ಪ ಕಳಿಸಿದಳು. ಕ್ಲಾರಾ ಅದನ್ನೆಲ್ಲ ಗಂಡನ ತಟ್ಟೆಗೆ ಹಾಕಿ, ಡಬ್ಬಿ ತೊಳೆದು ಕವುಚಿಟ್ಟಳು.

ಬುಧವಾರ ಸಂಜೆ ಅವಳು ಗಟ್ಟಿಮನಸ್ಸು ಮಾಡಿದಳು. “ನಾಳೆ ನಾನು ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ತೇನೆ. ಆದದ್ದಾಗ್ಲಿ” ಎಂದಳು. ಗೇಬ್ರಿಯಲ್ ಜಗಳವಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಹಾಲು ತರುತ್ತೇನೆಂದು ಕೆಳಗೆ ಹೋದ. ಬರುವಾಗ ತಡವಾಗಿತ್ತು, ಹಾಲು ತರುವುದನ್ನೇ ಮರೆತಿದ್ದ. ಕ್ಲಾರಾ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಗುರುವಾರ ಬೆಳಿಗ್ಗೆ ಆಫೀಸಿಗೆ ರಜೆ ಹೇಳಿ, ಟ್ಯಾಕ್ಸಿ ಹಿಡಿದು ಪರ್ಮಿಟ್ ಆಫೀಸಿಗೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಇಂಗ್ಲಿಷಿನಲ್ಲಿ ಜೋಡಿಸುತ್ತಿದ್ದಳು. ಆಫೀಸಿನ ಬಾಗಿಲಲ್ಲೇ, ಹಂಝನ ಪರವಾಗಿ ಮಾತಾಡಲು ಬಂದಿದ್ದ ಸಣ್ಣ ಅರ್ಬಾಬ ಎದುರಾದ. ಯಾವಾಗ ಕಂಡರೂ ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳುವವನು, ಇಂದು ಯಾರನ್ನೂ ನೋಡದೆ ಕಾರು ಹತ್ತಿ ಹೋದ.

ಒಳಗೆ ಗೋಡೆಯ ಬದಿಯ ಕುರ್ಚಿಯಲ್ಲಿ ಹಂಝ ಕುಳಿತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಡಿಲಲ್ಲಿ ಖಾಲಿ ಕೈಗಳು. ಲಾರಿಯ ಬೀಗದ ಕೈ ಯಾವಾಗಲೂ ಅವನ ಬೆರಳಲ್ಲಿ ತಿರುಗುತ್ತಿರುತ್ತಿತ್ತು. ಅದಿರಲಿಲ್ಲ.

“ನೀವ್ಯಾಕೆ ಬಂದದ್ದು ಬಾಯಿ? ಎಲ್ಲ ಮುಗೀತು.”

“ಎಂತ ಮುಗೀತು? ನಿಮ್ಮ ಸರದಿ ಆಯ್ತಾ? ಎಂತ ಹೇಳಿದ್ರಿ?”

“ಹೌದು, ಬಾಡಿಗೆಗೆ ಓಡಿಸಿದ್ದು ಅಂತ ಹೇಳಿದೆ. ಮಳೆಯಲ್ಲಿ ಜನರಿಗೆ ತುರ್ತು ಇತ್ತು, ನಾನು ಬಾಡಿಗೆಯ ಬದಲು ಡೀಸೆಲ್ ಕೇಳಿದೆ, ಕಂಪೆನಿಯವರು ಕೊಟ್ರು ಅಂತ. ಸಹಿ ಹಾಕಿ ಆಯ್ತು.”

“ನಿಮಗೆ ತಲೆ ಸರಿ ಉಂಟಾ ಹಂಝಾಕ! ನೀವು ಕೇಳಿದ್ದಾ? ನಾನಲ್ವಾ ಹಾಕಿಸಿದ್ದು! ಯಾಕೆ ಸುಳ್ಳು ಹೇಳಿದ್ರಿ?”

“ಬಾಡಿಗೆ ಅಂದ್ರೆ ನಿಮ್ಮ ಕಂಪೆನಿಯ ಲೆಕ್ಕ ಸರಿ ಆಗ್ತದೆ. ಬಾಡಿಗೆ ಅಲ್ಲ ಅಂದ್ರೆ ಕಾರ್ಡ್ ಉಜ್ಜಿದ್ದು ಯಾರು, ಯಾಕೆ ಅಂತ ಹುಡುಕ್ತಾರೆ. ಅತ್ತೆಯ ಮದ್ದು ನಿಲ್ತದೆ.” ಅವನು ದನಿ ತಗ್ಗಿಸಿದ. “ಗೇಬ್ರಿಯಲ್ ನಿನ್ನೆ ಸಂಜೆ ಬಂದಿದ್ರು. ತುಂಬ ಅತ್ತರು. ಅವರಿಗೆ ಬೈಬೇಡಿ.”

ಹಾಲು! ಕ್ಲಾರಾಳಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಗಂಡನ ಮೇಲೆ ಸಿಟ್ಟು ಬಂತು, ನಾಚಿಕೆಯಾಯಿತು, ಅದರ ಜೊತೆಗೇ, ದೇವರು ಕ್ಷಮಿಸಲಿ, ಎದೆಯೊಳಗೆ ಸ್ವಲ್ಪ ಹಗುರವೂ ಆಯಿತು. ಆ ಹಗುರವನ್ನು ಅವಳು ತನ್ನಲ್ಲಿ ಸಹಿಸದಾದಳು. “ನಾನು ಈಗ್ಲೇ ಒಳಗೆ ಹೋಗಿ ಹೇಳ್ತೇನೆ” ಎಂದು ತಿರುಗಿದಳು.

“ಕೂತ್ಕೊಳ್ಳಿ.” ಹಂಝ ಅವಳೊಡನೆ ಎಂದೂ ಹಾಗೆ ಗದರಿ ಮಾತಾಡಿದ್ದಿಲ್ಲ. “ಈಗ ನೀವು ಹೋಗಿ ಬೇರೆ ಹೇಳಿದ್ರೆ ನಾನು ಸರ್ಕಾರದ ಎದುರು ಸುಳ್ಳು ಸಹಿ ಹಾಕಿದವ ಆಗ್ತೇನೆ. ನನ್ನನ್ನು ಒಳಗೆ ಹಾಕ್ತಾರೆ. ಅದು ಬೇಕಾ ನಿಮಗೆ?”

ಅವಳು ಕುಳಿತಳು. ಕಿಟಕಿಯ ಹೊರಗೆ ಸರಕಾರಿ ಯಾರ್ಡಿನ ಒಬ್ಬ ಡ್ರೈವರ್ ಹಂಝನ ಮರಳಿನ ಬಣ್ಣದ ಲಾರಿಯನ್ನು ಚಾಲೂ ಮಾಡಲು ಒದ್ದಾಡುತ್ತಿದ್ದ. ಹಂಝ ಅಲ್ಲಿಗೆ ಹೋಗಲು ಎದ್ದವನು, ಮತ್ತೆ ಕುಳಿತುಬಿಟ್ಟ.

“ಎರಡನೇ ಟ್ಯಾಂಕಿಗೆ ತಿರುಗಿಸಿದ್ದಾನೆ ಕಾಣ್ತದೆ” ಎಂದು ಗೊಣಗಿದ. “ಅದರಲ್ಲಿ ನಿಮ್ಮ ಡೀಸೆಲ್. ಅವತ್ತಿನದ್ದೇ. ಪೈಪಿನಲ್ಲಿ ಗಾಳಿ ಸೇರಿಕೊಂಡಿರ್ತದೆ.”

“ಅವತ್ತಿನದ್ದೇ ಅಂದ್ರೆ?”

“ನಾನು ಅದನ್ನು ಮುಟ್ಟಿರ್ಲಿಲ್ಲ ಬಾಯಿ. ಬೇರೆಯವರ ಡೀಸೆಲಲ್ಲಿ ಓಡಿಸ್ಲಿಕ್ಕೆ ಇಲ್ಲ ಅಂತ ಗೊತ್ತಿತ್ತಲ್ಲ. ಇಷ್ಟು ದಿನ ಒಂದೇ ಟ್ಯಾಂಕಲ್ಲಿ ಓಡಿಸಿದ್ದು.”

“ಅದನ್ನು ತೋರಿಸಿದ್ರೆ ಆಗ್ತಿತ್ತಲ್ಲ! ಬಾಡಿಗೆ ಅಲ್ಲ ಅಂತ ಅಲ್ಲೇ ಗೊತ್ತಾಗ್ತಿತ್ತು! ಅದಿರ್ಲಿ, ಅವತ್ತೇ ಬಂಕಲ್ಲಿ ನನಗೆ ಬೇಡ ಅಂತ ಯಾಕೆ ಹೇಳ್ಲಿಲ್ಲ ನೀವು?”

“ಹೇಗೆ ಹೇಳುದು? ಅಷ್ಟು ಪ್ರೀತಿಯಿಂದ ಹಾಕಿಸಿದ್ರಿ. ನಿಮಗೆ ಬೇಜಾರಾಗ್ತದೆ ಅಂತ.”

ಹೊರಗೆ ಇಂಜಿನ್ ಎರಡು ಸಲ ಕೆಮ್ಮಿ ಚಾಲೂ ಆಯಿತು. ಹಂಝ ತಲೆ ಎತ್ತಲಿಲ್ಲ. ಶಬ್ದ ಗೇಟು ದಾಟಿ ರಸ್ತೆಗೆ ಸೇರಿ ಪೂರ್ತಿ ಮರೆಯಾಗುವವರೆಗೂ ನೆಲವನ್ನೇ ನೋಡುತ್ತಿದ್ದ. “ಸಣ್ಣ ಅರ್ಬಾಬ್ ಒಂದೇ ಮಾತು ಕೇಳಿದ್ರು” ಎಂದ ಆಮೇಲೆ. “ನಿನಗೆ ಡೀಸೆಲ್ ಬೇಕಿದ್ರೆ ನನ್ನ ಹತ್ರ ಕೇಳ್ಬಾರ್ದಿತ್ತಾ ಅಂತ.” ಅಷ್ಟು ಹೇಳಿ ಕಣ್ಣೊರೆಸಿಕೊಂಡ.

ಇಬ್ಬರೂ ಒಂದೇ ಟ್ಯಾಕ್ಸಿಯಲ್ಲಿ ಮನೆಗೆ ಬಂದರು. ಬಾಡಿಗೆ ಕೊಡಲು ಕ್ಲಾರಾ ಪರ್ಸ್ ತೆರೆದಳು. ಹಂಝ ತಡೆಯಲಿಲ್ಲ, ಬೇಡವೆನ್ನಲಿಲ್ಲ, ಸುಮ್ಮನೆ ಇಳಿದು ಒಳಗೆ ನಡೆದ.

ಮನೆಯಲ್ಲಿ ಗೇಬ್ರಿಯಲ್ ಅವಳ ಮುಖ ನೋಡಿ ಕೋಣೆಗೆ ಸರಿದ. ಅಗಾತಾಬಾಯಿ ಮಂಚದಿಂದಲೇ, “ಹಂಝನ ಕೆಲಸ ಸರಿ ಆಯ್ತಾ ಮಗಾ? ಅವನಿಗಾಗಿ ಒಂದು ತೇರ್ಸ ಮಾಡಿದೆ” ಎಂದು ಜಪಮಾಲೆ ತೋರಿಸಿದಳು. ಕ್ಲಾರಾ ಅಡುಗೆಮನೆಗೆ ಹೋದಳು. ಬೀಫಾತಿಮಳ ಸ್ಟೀಲ್ ಡಬ್ಬಿ ತೊಳೆದು ಕವುಚಿಟ್ಟಲ್ಲೇ ಇತ್ತು. ಅದನ್ನು ನೆಟ್ಟಗೆ ಮಾಡಿಟ್ಟು ಡಬರಿ, ಭರಣಿ, ಫ್ರಿಜ್ಜು ಎಲ್ಲ ತೆರೆದು ನೋಡಿದಳು. ಅಕ್ಕಿಯಿತ್ತು, ಬೆಲ್ಲವಿತ್ತು, ಸಕ್ಕರೆಯಿತ್ತು. ಯಾವುದನ್ನು ಕೈಗೆತ್ತಿಕೊಂಡರೂ ಮತ್ತೆ ಅಲ್ಲೇ ಇಡುತ್ತಿದ್ದಳು.

ಬಾಗಿಲು ತಟ್ಟಿದ ಸದ್ದಾಯಿತು. ಬೀಫಾತಿಮ ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

“ನನ್ನ ಡಬ್ಬಿ ಉಂಟಲ್ಲ ಬಾಯಿ, ಬೇಕಿತ್ತು.”

“ಒಂದು ನಿಮಿಷ ನಿಲ್ಲು ಬೀಫಾತಿಮ, ಎಂತಾದ್ರೂ ಹಾಕಿ...”

“ಬೇಡ ಬಾಯಿ. ಖಾಲಿಯೇ ಕೊಡಿ.”

ಕ್ಲಾರಾ ಒಳಗೆ ಹೋಗಿ ಡಬ್ಬಿ ತಂದು ಖಾಲಿಯೇ ಕೊಟ್ಟಳು. ಬೀಫಾತಿಮ ಅದನ್ನು ಸೆರಗಿನಡಿ ಹಿಡಿದುಕೊಂಡು ಮೆಟ್ಟಿಲಿಳಿದಳು. ಕೆಳಗಿನ ಬಾಗಿಲು ಮುಚ್ಚುವವರೆಗೂ ಕ್ಲಾರಾ ಅಲ್ಲೇ ನಿಂತಿದ್ದಳು.