ಎದುರು ಸುತ್ತು

ಭಾನುವಾರ ಸಂಜೆ ನಮ್ಮೂರ ಚೌಕದಲ್ಲಿ ಎರಡು ಸುತ್ತುಗಳು ತಿರುಗುತ್ತಿದ್ದವು. ಹೆಂಗಸರದು ಬಲಕ್ಕೆ, ಗಂಡಸರದು ಎಡಕ್ಕೆ, ನಡುವೆ ವಾದ್ಯಮಂಟಪ. ಮೆಕ್ಸಿಕೊದ ಎಷ್ಟೋ ಊರುಗಳಲ್ಲಿ ಆಗ ಹೀಗೇ ಇತ್ತು. ಅಜ್ಜನ ಕಾಲದಲ್ಲಿ ಅದೇ ಚೌಕದಲ್ಲಿ ದಂಡಿನ ಕುದುರೆಗಳನ್ನು ಕಟ್ಟುತ್ತಿದ್ದರಂತೆ. ನಮ್ಮ ಕಾಲಕ್ಕೆ ಅಲ್ಲಿ ಸೋಮವಾರ ಮೆಣಸಿನಕಾಯಿ ಸಂತೆ, ಭಾನುವಾರ ಮದುವೆಯ ಸಂತೆ. ಎದುರಾದ ಹುಡುಗ ಹುಡುಗಿಗೆ ಒಂದು ಕಡ್ಡಿ ಸುಗಂಧರಾಜ ಕೊಡುತ್ತಿದ್ದ. ಮುಂದಿನ ಸುತ್ತಿನಲ್ಲಿ ಹೂ ಅವಳ ಕೈಯಲ್ಲೇ ಇದ್ದರೆ ಇಬ್ಬರೂ ಜೊತೆಯಾಗಿ ನಡೆಯಬಹುದಿತ್ತು. ಬಾಯಿಬಿಟ್ಟು ಒಂದು ಮಾತೂ ಆಡಬೇಕಿರಲಿಲ್ಲ.

ನನ್ನ ಅಕ್ಕ ತೊಮಾಸಾ ಹದಿನೆಂಟು ವರ್ಷ ಆ ಸುತ್ತು ಸುತ್ತಿದಳು. ಮೊದಮೊದಲು ಹೂಗಳು ಬೇಕಾದಷ್ಟು ಬಂದವು. ಎಲ್ಲವನ್ನೂ ಕಲ್ಲುಬೆಂಚಿನ ಮೇಲಿಟ್ಟು ಮುಂದೆ ನಡೆಯುತ್ತಿದ್ದಳು. ಅವಳಿಗೆ ಜಂಬ ಎಂದಿತು ಊರು. ನಾನೂ ಹಾಗೇ ತಿಳಿದಿದ್ದೆ, ಮಂಟಪದ ಮೆಟ್ಟಿಲ ಎದುರಿಗೆ ಬಂದಾಗಲೆಲ್ಲ ಅವಳ ಹೆಜ್ಜೆ ನಿಧಾನವಾಗುವುದನ್ನು ಗಮನಿಸುವವರೆಗೆ.

ಮಂಟಪದಲ್ಲಿದ್ದವನು ಸಿಲ್ವೆರಿಯೊ, ಬ್ಯಾಂಡಿನಲ್ಲಿ ಟ್ಯೂಬಾ ಊದುವವನು. ಹೆಬ್ಬಾವಿನಂತೆ ಮೈಗೆ ಸುತ್ತಿಕೊಳ್ಳುವ ಆ ಹಿತ್ತಾಳೆ ವಾದ್ಯದೊಳಗೆ ಸಿಕ್ಕಿಕೊಂಡವನು ಹೂ ಕೊಡುವುದಾದರೂ ಹೇಗೆ? ಊರೆಲ್ಲ ಜೋಡಿಯಾಗಲೆಂದು ಅವನು ಊದುತ್ತಲೇ ಇರಬೇಕಿತ್ತು.

“ಮನೆಗೇ ಬಂದು ಕೇಳಬಾರದೇನಕ್ಕ ಅವ್ನು?” ಎಂದೆ.

“ಅವ್ನಿಗೆ ನಾಚಿಕೆ ಕಣೆ. ಚೌಕದಲ್ಲಾದ್ರೆ ಬಾಯಿ ಬಿಡೋದೇ ಬೇಡವಲ್ಲ. ಒಂದ್ಸಲ ಕೆಳಗಿಳಿದು ಬಂದ್ರೆ ಸಾಕು.”

ಹದಿನೆಂಟನೆಯ ವರ್ಷ ಪುರಸಭೆಯವರು ಮಂಟಪಕ್ಕೆ ಧ್ವನಿವರ್ಧಕ ಕಟ್ಟಿ ಬ್ಯಾಂಡಿನವರನ್ನು ಮನೆಗೆ ಕಳಿಸಿದರು. ಊರು ಗೊಣಗಿತು. ಅಕ್ಕ ಮಾತ್ರ ನೀಲಿ ಲಂಗಕ್ಕೆ ಇಸ್ತ್ರಿ ಹಾಕಿದಳು.

ಮುಂದಿನ ಭಾನುವಾರ ಸಿಲ್ವೆರಿಯೊ ಬಂದೇಬಿಟ್ಟ. ತಲೆಗೆ ಎಣ್ಣೆ, ಕೈಯಲ್ಲಿ ಸುಗಂಧರಾಜ. ಆದರೆ ಜನ್ಮದಲ್ಲಿ ಒಮ್ಮೆಯೂ ಚೌಕ ಸುತ್ತದ ಮನುಷ್ಯ! ಮೇಲಿನಿಂದ ಇಷ್ಟು ವರ್ಷ ಅವನು ನೋಡಿದ್ದು ಒಬ್ಬಳನ್ನೇ. ಅವಳು ಹೋಗುವ ದಿಕ್ಕೊಂದೇ ಅವನಿಗೆ ಗೊತ್ತಿದ್ದುದು. ಹೆಂಗಸರ ಸಾಲಿಗೆ ಸೇರಿ, ಅಕ್ಕನಿಂದ ಇಪ್ಪತ್ತು ಹೆಜ್ಜೆ ಹಿಂದೆ ನಡೆಯತೊಡಗಿದ. ಅವಳು ನಿಧಾನಿಸಿದರೆ ಅವನೂ ನಿಧಾನಿಸುತ್ತಿದ್ದ. ಎಷ್ಟು ಸುತ್ತಿದರೂ ಎದುರಾಗುವ ಹಾಗೇ ಇರಲಿಲ್ಲ, ಹಿಂದಿನಿಂದ ಹೂ ಕೊಡುವ ಪದ್ಧತಿಯಂತೂ ಇಲ್ಲವೇ ಇಲ್ಲ.

ಹುಡುಗಿಯರು ಮುಸಿಮುಸಿ ನಕ್ಕರು. ಗಂಡಸರ ಸಾಲಿನಿಂದ ಒಬ್ಬ ಕೂಗಿದ: “ಏನಪ್ಪಾ ಸಿಲ್ವೆರಿಯೊ, ಲಂಗ ಮನೇಲೇ ಮರೆತು ಬಂದ್ಯಾ?”

ಅವನ ಕಿವಿ ಕೆಂಪಾಯಿತು. ಹೂ ಹಿಡಿದ ಕೈ ಬೆನ್ನ ಹಿಂದೆ ಸರಿಯಿತು. ಈಗ ಮನೆಗೆ ಹೋದನೆಂದರೆ ಇನ್ನೆಂದೂ ಚೌಕಕ್ಕೆ ಕಾಲಿಡುವುದಿಲ್ಲ ಎಂದುಕೊಂಡೆ. ನನಗೆ ಅಳುವೇ ಬಂತು.

ಅಕ್ಕ ನನ್ನ ತೋಳು ಬಿಟ್ಟಳು. “ನೀನು ನಡೀತಿರು” ಎಂದು ಗಿರಕ್ಕನೆ ತಿರುಗಿದಳು. ಹೆಂಗಸೊಬ್ಬಳು ಎದುರು ಸುತ್ತು ನಡೆದದ್ದನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ. ಹುಡುಗಿಯರು ನಗು ಮರೆತು ದಾರಿ ಬಿಟ್ಟರು. ಅವನ ಮುಂದೆ ನಿಂತು ಕೈ ಚಾಚಿದಳು.

“ಕೊಡಿ. ಹದಿನೆಂಟು ವರ್ಷದಿಂದ ಕಾಲು ನೋಯ್ತಾ ಇದೆ.”

ಕೊಟ್ಟ. ಅಲ್ಲಿಗೆ ಮುಗಿಯಿತೆಂದುಕೊಂಡರೆ ಇಲ್ಲ, ಪದ್ಧತಿ ಬಿಡಲು ಅಕ್ಕನಿಗೆ ಮನಸ್ಸಿಲ್ಲ. ಅವನನ್ನು ಮಂಟಪದ ಮೆಟ್ಟಿಲ ಬಳಿ ನಿಲ್ಲಿಸಿ, ಮತ್ತೆ ಬಲಕ್ಕೆ ಹೊರಟಳು.

ಈಗ ಆ ಚೌಕದಲ್ಲಿ ಯಾರು ಯಾವ ಕಡೆಗಾದರೂ ನಡೆಯುತ್ತಾರೆ, ಮಕ್ಕಳು ಸೈಕಲ್ ಹೊಡೆಯುತ್ತಾರೆ. ನನಗೆ ಕಾಣುವುದು ಮಾತ್ರ ಅಂದಿನ ಎರಡು ಸುತ್ತುಗಳೇ. ಅವು ತಿರುಗುತ್ತಿವೆ, ಸಿಲ್ವೆರಿಯೊ ಉಸಿರು ಬಿಗಿಹಿಡಿದು ನಿಂತಿದ್ದಾನೆ. ಕಲ್ಲುಬೆಂಚು ದಾಟಿ ಅಕ್ಕ ಬರುತ್ತಿದ್ದಾಳೆ. ಹೂ ಕೈಯಲ್ಲೇ ಇದೆ.